ಮೊಬೈಲ್‌ನಿಂದ ಮೋಟಾರ್ ಆನ್ ಮಾಡ್ತೀರಾ? ಎಂಜಿನಿಯರಿಂಗ್ ಲ್ಯಾಬ್‌ನ ಸುರಕ್ಷತೆ ಪಾಠ ನಮ್ಮ ಹೊಲಕ್ಕೂ ಬೇಕು

ಮನೆಯಲ್ಲಿ ಕೂತು ಮೊಬೈಲ್‌ನಿಂದ ತೋಟದ ಮೋಟಾರ್ ಆನ್ ಮಾಡೋದು ಈಗ ಹೊಸ ವಿಷಯ ಅಲ್ಲ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದರೂ ಟಾರ್ಚ್ ಹಿಡಿದು, ಹಾವು ಚೇಳಿಗೆ ಹೆದರುತ್ತಾ ಬೋರ್ ಹತ್ತಿರ ಓಡಬೇಕಿಲ್ಲ. ಒಂದು ಮಿಸ್ ಕಾಲ್ ಅಥವಾ ಆ್ಯಪ್‌ನಲ್ಲಿ ಒಂದು ಬಟನ್ ಸಾಕು. ನಿಜಕ್ಕೂ ಒಳ್ಳೆಯ ಅನುಕೂಲ.

ಆದರೆ ಒಂದು ಪ್ರಶ್ನೆ ಕೇಳ್ಕೊಳ್ಳಿ. ನೀವು ಊರಲ್ಲಿ ಬಟನ್ ಒತ್ತಿದ ಹೊತ್ತಿಗೆ ಬೋರ್ ಹತ್ತಿರ ನಿಮ್ಮ ತಮ್ಮ ಕೇಬಲ್ ಜಾಯಿಂಟ್ ಬಿಚ್ಚಿಕೊಂಡು ಕೂತಿದ್ದರೆ? ಮೊದಲೆಲ್ಲಾ ಸ್ಟಾರ್ಟರ್ ಮುಂದೆ ನಿಂತು ಹಸಿರು ಬಟನ್ ಒತ್ತುವ ಮುಂಚೆ ನಮ್ಮ ಕಣ್ಣು ತಾನಾಗಿ ಒಂದು ಸುತ್ತು ನೋಡ್ತಿತ್ತು. ಯಾರಾದ್ರೂ ಇದ್ದಾರಾ, ವೈರ್ ಬಿದ್ದಿದೆಯಾ, ಪೈಪ್ ಕಳಚಿದೆಯಾ ಅಂತ. ಮೊಬೈಲ್‌ಗೆ ಆ ಕಣ್ಣಿಲ್ಲ. ಹಾಗಾದರೆ ಆ ಕಣ್ಣಿನ ಕೆಲಸವನ್ನು ಯಾರು ಮಾಡಬೇಕು? ಯಂತ್ರವನ್ನು ವಿನ್ಯಾಸ ಮಾಡಿದವರು ಮೊದಲೇ ಯೋಚಿಸಿ ಮಾಡಿರಬೇಕು. ಜಗತ್ತಿನ ಒಳ್ಳೊಳ್ಳೆ ಎಂಜಿನಿಯರಿಂಗ್ ವಿಭಾಗಗಳಲ್ಲಿ ಇದನ್ನೇ ಒಂದು ವಿಷಯವಾಗಿ, ಕೈಯಾರೆ ಮಾಡಿಸಿ ಕಲಿಸ್ತಾರೆ. ಆ ಪಾಠ ನಮಗೆ ಗೊತ್ತಿದ್ದರೆ ಸ್ಟಾರ್ಟರ್ ಕೊಳ್ಳುವಾಗ, ಕೂರಿಸುವಾಗ, ಬಳಸುವಾಗ ಸರಿಯಾದ ಪ್ರಶ್ನೆ ಕೇಳಬಹುದು.

ಇದಕ್ಕೆ ಏನಂತಾರೆ?

ಸಾಫ್ಟ್‌ವೇರ್ ಮತ್ತು ನಿಜವಾದ ಯಂತ್ರ ಎರಡೂ ಒಟ್ಟಿಗೆ ಹೆಣೆದುಕೊಂಡು ಕೆಲಸ ಮಾಡುವ ವ್ಯವಸ್ಥೆಗೆ 'ಸೈಬರ್-ಫಿಸಿಕಲ್ ಸಿಸ್ಟಮ್' ಅನ್ನುತ್ತಾರೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಲ್ಲಿದ್ದ ಹೆಲೆನ್ ಗಿಲ್ ಅವರು 2006ರ ಸುಮಾರಿಗೆ ಈ ಹೆಸರು ಬಳಕೆಗೆ ತಂದರು. ಹೆಸರು ದೊಡ್ಡದು, ವಿಷಯ ಸಣ್ಣದು. ಸೆನ್ಸರ್ ನೋಡುತ್ತೆ, ಪ್ರೋಗ್ರಾಂ ನಿರ್ಧಾರ ಮಾಡುತ್ತೆ, ಮೋಟಾರ್ ಅಥವಾ ವಾಲ್ವ್ ಕೆಲಸ ಮಾಡುತ್ತೆ. ನಿಮ್ಮ ಮೊಬೈಲ್ ಸ್ಟಾರ್ಟರ್, ಆಟೋಮ್ಯಾಟಿಕ್ ಡ್ರಿಪ್, ಔಷಧಿ ಹೊಡೆಯುವ ಡ್ರೋನ್, ಎಲ್ಲವೂ ಇದೇ ಜಾತಿಗೆ ಸೇರಿದವು.

ಮಾಮೂಲಿ ಆ್ಯಪ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಫೋಟೊ ಆ್ಯಪ್ ನಿಂತುಹೋದರೆ ಮತ್ತೆ ತೆರೆದರಾಯ್ತು. ಪಂಪ್ ಪ್ರೋಗ್ರಾಂ ತಪ್ಪಿದರೆ ಮೋಟಾರ್ ಸುಡಬಹುದು, ಹೊಂಡ ತುಂಬಿ ಬದು ಒಡೆಯಬಹುದು, ಮನುಷ್ಯನ ಜೀವವೇ ಹೋಗಬಹುದು. 'ಅನ್‌ಡೂ' ಬಟನ್ ಇಲ್ಲ.

ನಮ್ಮ ದೇಶದಲ್ಲೂ ಇದಕ್ಕೆ ಒತ್ತು ಸಿಕ್ಕಿದೆ. ಕೇಂದ್ರ ಸಚಿವ ಸಂಪುಟ 2018ರಲ್ಲಿ 3,660 ಕೋಟಿ ರೂಪಾಯಿಯ ಸೈಬರ್-ಫಿಸಿಕಲ್ ಸಿಸ್ಟಮ್ಸ್ ರಾಷ್ಟ್ರೀಯ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಡಿ ದೇಶದ ಬೇರೆಬೇರೆ ಸಂಸ್ಥೆಗಳಲ್ಲಿ 25 ಹಬ್‌ಗಳು ಶುರುವಾದವು. ಪಂಜಾಬಿನ ಐಐಟಿ ರೋಪರ್‌ನ ಹಬ್‌ ಕೃಷಿ ಮತ್ತು ನೀರಿಗೇ ಮೀಸಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯಕ್ಕೇ ಒಂದು ಕೇಂದ್ರ ಇದೆ.

ಪುಸ್ತಕದಿಂದ ಯಾಕೆ ಸಾಲದು?

ಈಜು ಕಲಿಯೋದು ನೀರಿಗೆ ಇಳಿದಾಗಲೇ. ಇಲ್ಲೂ ಹಾಗೆ. ಕಾಗದದ ಮೇಲೆ ಎಲ್ಲಾ ಸೆನ್ಸರ್ ಸರಿಯಾಗಿ ಓದುತ್ತೆ, ಎಲ್ಲಾ ಮೋಟಾರ್ ಹೇಳಿದ ತಕ್ಷಣ ನಿಲ್ಲುತ್ತೆ. ನಿಜದಲ್ಲಿ ಸೆನ್ಸರ್ ಮೇಲೆ ಧೂಳು ಕೂರುತ್ತೆ, ಬ್ಯಾಟರಿ ಇಳಿಯುತ್ತೆ, ಸಿಗ್ನಲ್ ತಡವಾಗುತ್ತೆ. ಅದಕ್ಕೇ ವಿದ್ಯಾರ್ಥಿಗಳ ಕೈಗೆ ಚಿಕ್ಕ ಯಂತ್ರ ಕೊಟ್ಟು, ಅದು ಎಡವೋದನ್ನು ಅವರೇ ನೋಡುವಂತೆ ಮಾಡ್ತಾರೆ.

ಎರಡು ಉದಾಹರಣೆ ನೋಡಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಲೀ ಮತ್ತು ಸಂಜಿತ್ ಶೇಷಿಯಾ ರೂಪಿಸಿದ ಪಾಠದಲ್ಲಿ ವಿದ್ಯಾರ್ಥಿಗಳು ಮನೆ ಗುಡಿಸುವ ರೋಬೋದಂಥ ಒಂದು ಚಕ್ರದ ಯಂತ್ರಕ್ಕೆ ಪ್ರೋಗ್ರಾಂ ಬರೀತಾರೆ. ಅದು ಅಡ್ಡ ಬಂದದ್ದನ್ನು ತಪ್ಪಿಸಿಕೊಂಡು, ಇಳಿಜಾರು ಹಲಗೆಯನ್ನು ಹತ್ತಬೇಕು, ಅಂಚಿನಿಂದ ಕೆಳಗೆ ಬೀಳಬಾರದು. ಮೊದಲು ಯಂತ್ರ ಯಾವ ಯಾವ ಸ್ಥಿತಿಯಲ್ಲಿ ಇರಬಹುದು ಅಂತ ಚಿತ್ರ ಬರೆಯಬೇಕು, ಆಮೇಲೆ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಬೇಕು, ಕೊನೆಗೆ ನಿಜವಾದ ರೋಬೋ ಮೇಲೆ.

ಇನ್ನೊಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಎಫ್1ಟೆಂತ್. ನಿಜವಾದ ಕಾರಿನ ಹತ್ತನೇ ಒಂದು ಭಾಗದಷ್ಟು ಚಿಕ್ಕ ಕಾರು, ಡ್ರೈವರ್ ಇಲ್ಲದೆ ತಾನೇ ಓಡಬೇಕು. ವಿಶೇಷ ಏನಂದ್ರೆ, ವೇಗವಾಗಿ ಓಡಿಸೋದು ಮೊದಲ ಪಾಠ ಅಲ್ಲ. ಶುರುವಿನ ಲ್ಯಾಬ್‌ಗಳಲ್ಲೇ ತುರ್ತು ಬ್ರೇಕ್ ಬರೆಯಿಸ್ತಾರೆ. ಲೆಕ್ಕ ಸರಳ: ಮುಂದಿನ ಗೋಡೆಗೆ ಇರುವ ದೂರವನ್ನು ವೇಗದಿಂದ ಭಾಗಿಸಿ. ಗೋಡೆ 2 ಮೀಟರ್ ದೂರ, ಕಾರಿನ ವೇಗ ಸೆಕೆಂಡಿಗೆ 4 ಮೀಟರ್ ಅಂದ್ರೆ ಡಿಕ್ಕಿಗೆ ಅರ್ಧ ಸೆಕೆಂಡ್ ಬಾಕಿ. ಬಾಕಿ ಸಮಯ ಒಂದು ಮಿತಿಗಿಂತ ಕಮ್ಮಿ ಆದರೆ ಬ್ರೇಕ್.

ಕೇಳೋಕೆ ಸುಲಭ. ಆದರೆ ಮಿತಿ ಕಮ್ಮಿ ಇಟ್ಟರೆ ಕಾರು ಗುದ್ದುತ್ತೆ. ಜಾಸ್ತಿ ಇಟ್ಟರೆ ಪಕ್ಕದ ಗೋಡೆ ನೋಡಿಯೂ ಹೆದರಿ ನಿಲ್ಲುತ್ತೆ. ಸುಮ್ಮಸುಮ್ಮನೆ ನಿಲ್ಲುವ ಸುರಕ್ಷತೆಯನ್ನು ಜನ ಕಿತ್ತು ಬಿಸಾಕ್ತಾರೆ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಪ್ರಿವೆಂಟರ್ ಬೈಪಾಸ್ ಮಾಡಿದ ಎಷ್ಟು ಸ್ಟಾರ್ಟರ್ ನಮ್ಮ ಹೊಲಗಳಲ್ಲಿ ಇಲ್ಲ ಹೇಳಿ? ಹಾಗಾಗಿ ಅಪಾಯ ತಪ್ಪಿಸಬೇಕು, ಕೆಲಸಕ್ಕೂ ಅಡ್ಡಿ ಆಗಬಾರದು. ಈ ಎರಡನ್ನೂ ತೂಗೋದನ್ನು ವಿದ್ಯಾರ್ಥಿ ಕಾರು ಗುದ್ದಿಸಿ, ನಿಲ್ಲಿಸಿ, ತಿದ್ದಿ ಕಲೀತಾನೆ.

ಆ ಕಾರಿನ ರಿಮೋಟ್‌ನಲ್ಲಿ ಇನ್ನೊಂದು ಉಪಾಯ ಇದೆ. ಒಂದು ಬಟನ್ ಒತ್ತಿ ಹಿಡಿದಿದ್ದರೆ ಮಾತ್ರ ಕಾರು ಓಡುತ್ತೆ, ಬೆರಳು ತೆಗೆದರೆ ನಿಲ್ಲುತ್ತೆ. ನಿಮ್ಮ ಬ್ರಷ್ ಕಟರ್‌ ಟ್ರಿಗರ್ ಬಿಟ್ಟರೆ ಎಂಜಿನ್ ವೇಗ ಇಳಿದು ಬ್ಲೇಡ್ ನಿಲ್ಲಬೇಕಲ್ವಾ, ಅದೇ ತತ್ವ. ಮನುಷ್ಯ ಎಡವಿದರೂ, ಕೈ ಬಿಟ್ಟರೂ ಯಂತ್ರ ಸುರಕ್ಷಿತ ಸ್ಥಿತಿಗೆ ತಾನಾಗಿ ಬರಬೇಕು.

ನಮ್ಮ ಪಂಪನ್ನೇ ಪ್ರಾಜೆಕ್ಟ್ ಮಾಡಿ ನೋಡೋಣ

ಈಗ ಇದೇ ರೀತಿ ನಮ್ಮ ಮೊಬೈಲ್ ಸ್ಟಾರ್ಟರ್ ಅನ್ನು ಪರೀಕ್ಷೆಗೆ ಹಚ್ಚೋಣ. ಅಮೆರಿಕದ ಎಂಐಟಿಯ ಪ್ರೊಫೆಸರ್ ನ್ಯಾನ್ಸಿ ಲೆವಸನ್ ರೂಪಿಸಿದ ಎಸ್‌ಟಿಪಿಎ ಅನ್ನೋ ವಿಧಾನ ಇದೆ. ಅದು ಹೇಳೋದು: ಪ್ರತಿ ಆಜ್ಞೆಗೂ ನಾಲ್ಕು ಪ್ರಶ್ನೆ ಕೇಳಿ. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ, ಪೆನ್ನು ಕಾಗದ ಸಾಕು.

1. ಕೊಡಬೇಕಾದ ಆಜ್ಞೆ ಕೊಡದಿದ್ದರೆ? ಬೋರ್‌ನಲ್ಲಿ ನೀರು ಇಳಿದಿದೆ, ಆದ್ರೂ 'ಆಫ್' ಹೋಗಲಿಲ್ಲ. ಸಬ್‌ಮರ್ಸಿಬಲ್ ಮೋಟಾರ್‌ಗೆ ಸುತ್ತ ಇರುವ ನೀರೇ ತಂಪು. ನೀರಿಲ್ಲದೆ ಓಡಿದರೆ ಬೇರಿಂಗ್ ಹೋಗುತ್ತೆ, ವೈಂಡಿಂಗ್ ಸುಡುತ್ತೆ.

2. ಕೊಡಬಾರದ ಹೊತ್ತಲ್ಲಿ ಕೊಟ್ಟರೆ? ಯಾರೋ ಕೇಬಲ್ ಬಿಚ್ಚಿದ್ದಾರೆ, ಆಗ 'ಆನ್' ಬಂತು. ಅಥವಾ ಮೂರು ಫೇಸ್‌ನಲ್ಲಿ ಒಂದು ಹೋಗಿದೆ, ಆಗ 'ಆನ್' ಬಂತು. ಉಳಿದ ಫೇಸ್‌ಗಳಲ್ಲಿ ಕರೆಂಟ್ ಏರಿ ಮೋಟಾರ್ ಸುಡುತ್ತೆ.

3. ಬೇಗ ಅಥವಾ ತಡವಾಗಿ ಕೊಟ್ಟರೆ? ನೀವು ಬೆಳಗ್ಗೆ 10ಕ್ಕೆ 'ಆನ್' ಎಸ್‌ಎಂಎಸ್ ಕಳಿಸಿದಿರಿ. ಟವರ್ ಸಮಸ್ಯೆಯಿಂದ ಅದು 12ಕ್ಕೆ ತಲುಪಿತು. ಅಷ್ಟೊತ್ತಿಗೆ ನೀವು 'ಇವತ್ತು ಕರೆಂಟೇ ಇಲ್ಲ' ಅಂದುಕೊಂಡು ಫುಟ್‌ವಾಲ್ವ್ ನೋಡೋಕೆ ಬಾವಿಗೆ ಇಳಿದಿದ್ದೀರಿ.

4. ಬೇಗ ನಿಂತರೆ, ಅಥವಾ ಹೆಚ್ಚು ಹೊತ್ತು ನಡೆದರೆ? 'ಆನ್' ಮಾಡಿದ ಮೇಲೆ ನಿಮ್ಮ ಮೊಬೈಲ್ ಚಾರ್ಜ್ ಹೋಯ್ತು. ಮೋಟಾರ್ ರಾತ್ರಿಯೆಲ್ಲಾ ಓಡಿ ತೋಟ ಕೆರೆ ಆಯ್ತು.

ನೋಡಿ, ಹತ್ತು ನಿಮಿಷದಲ್ಲಿ ಐದು ಅಪಾಯ ಪಟ್ಟಿಗೆ ಬಂತು. ಯಾವುದರಲ್ಲೂ ಯಂತ್ರ 'ಕೆಟ್ಟು' ಹೋಗಿಲ್ಲ ಅನ್ನೋದನ್ನು ಗಮನಿಸಿ. ಪ್ರತಿಯೊಂದು ಭಾಗವೂ ತನ್ನ ಕೆಲಸ ಮಾಡಿದೆ. ಒಟ್ಟು ಸೇರಿದಾಗ ಅಪಾಯ ಹುಟ್ಟಿದೆ. ಈ ವಿಧಾನದ ಮುಖ್ಯ ತಿಳಿವಳಿಕೆಯೇ ಇದು.

ಇನ್ನು ಸ್ಥಿತಿಗಳ ಚಿತ್ರ. ಪಂಪ್ ಅಂದ್ರೆ ಆನ್, ಆಫ್ ಎರಡೇ ಸ್ಥಿತಿ ಅಂತ ನಾವು ಅಂದ್ಕೋತೀವಿ. ಸರಿಯಾದ ವಿನ್ಯಾಸದಲ್ಲಿ ಕನಿಷ್ಠ ನಾಲ್ಕು ಬೇಕು: ನಿಂತಿದೆ, ಓಡ್ತಿದೆ, ದೋಷ ಬಂದಿದೆ, ರಿಪೇರಿ ನಡೀತಿದೆ. ದೋಷ ಬಂದಾಗ ಕಾರಣ ನೋಡದೆ ಮತ್ತೆ ಮತ್ತೆ ಸ್ಟಾರ್ಟ್ ಆಗಬಾರದು. ರಿಪೇರಿ ಸ್ಥಿತಿಯಿಂದ ಹೊರಬರೋದು ಹೊಲದಲ್ಲಿರುವ ಸ್ವಿಚ್‌ನಿಂದ ಮಾತ್ರ ಆಗಬೇಕು, ಯಾವ ಮೊಬೈಲ್‌ನಿಂದಲೂ ಆಗಬಾರದು. ಅಂದ್ರೆ ಅಪಾಯದ ಹತ್ತಿರ ಇರುವ ಮನುಷ್ಯನ ಕೈಯಲ್ಲೇ ಕೀಲಿಕೈ ಇರಬೇಕು.

ಸಾಫ್ಟ್‌ವೇರ್ ಮೇಲೆ ಪೂರ್ತಿ ನಂಬಿಕೆ ಬೇಡ

ಈ ವಿಷಯ ಓದುವವರಿಗೆ ಹೇಳಿಕೊಡುವ ಒಂದು ದುರಂತ ಥೆರಾಕ್-25. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ ಅದು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಬೇಕಾದ್ದಕ್ಕಿಂತ ವಿಪರೀತ ಹೆಚ್ಚು ವಿಕಿರಣ ಬಿತ್ತು, ಕೆಲವರು ಸತ್ತರು. ಅದಕ್ಕಿಂತ ಹಳೆಯ ಮಾದರಿಯಲ್ಲಿ ತಪ್ಪಾದರೆ ತಡೆಯೋಕೆ ಪ್ರತ್ಯೇಕ ಹಾರ್ಡ್‌ವೇರ್ ರಕ್ಷಣೆ ಇತ್ತು. ಹೊಸದರಲ್ಲಿ 'ಸಾಫ್ಟ್‌ವೇರ್ ನೋಡ್ಕೊಳ್ಳುತ್ತೆ' ಅಂತ ಆ ರಕ್ಷಣೆಯನ್ನು ತೆಗೆದಿದ್ದರು. ಸಾಫ್ಟ್‌ವೇರ್‌ನಲ್ಲಿ ದೋಷ ಇತ್ತು, ತಡೆಯೋಕೆ ಏನೂ ಉಳಿದಿರಲಿಲ್ಲ.

ನಮಗೆ ಪಾಠ ಏನು? ಮೊಬೈಲ್ ಸ್ಟಾರ್ಟರ್ ಬಂತು ಅಂತ ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್, ಎಂಸಿಬಿ, ಅರ್ತಿಂಗ್ ಯಾವುದನ್ನೂ ತೆಗೀಬೇಡಿ. ಆ್ಯಪ್ ಇರೋದು ಅನುಕೂಲಕ್ಕೆ. ಜೀವ ಕಾಯೋದು ಈ ಹಳೇ ಸಾಮಾನುಗಳೇ.

ಇನ್ನೊಂದು ಮಾತು. ನಿಮ್ಮ ಮೊಬೈಲ್‌ಗೆ 'ಮೋಟಾರ್ ಆನ್ ಆಗಿದೆ' ಅಂತ ಮೆಸೇಜ್ ಬಂತು ಅಂದ್ಕೊಳ್ಳಿ. ಆ ಡಬ್ಬಿಗೆ ಅದು ಹೇಗೆ ಗೊತ್ತಾಯ್ತು? ಕೆಲವು ಡಬ್ಬಿ ತಾನು ಆಜ್ಞೆ ಕೊಟ್ಟ ತಕ್ಷಣ 'ಆಯ್ತು' ಅಂತ ಮೆಸೇಜ್ ಕಳಿಸುತ್ತೆ. ಒಳ್ಳೆಯದು ಮೋಟಾರ್‌ಗೆ ಹೋಗುವ ಕರೆಂಟ್ ಅಳೆದು, ಆಮೇಲೆ ಹೇಳುತ್ತೆ. 'ಆಫ್ ಆಗಿದೆ' ಅನ್ನೋ ಮೆಸೇಜ್‌ಗೂ ಇದೇ ಮಾತು. ಕಾಂಟ್ಯಾಕ್ಟರ್ ಅಂಟಿಕೊಂಡು ಮೋಟಾರ್ ಓಡ್ತಾನೇ ಇರಬಹುದು. ಹೇಳಿದ್ದು ಬೇರೆ, ಆಗಿದ್ದು ಬೇರೆ. ಇವೆರಡನ್ನೂ ಹೋಲಿಸಿ ನೋಡುವ ವ್ಯವಸ್ಥೆ ಇರಬೇಕು.

ಕೊಳ್ಳುವ ಮುಂಚೆ ಅಂಗಡಿಯಲ್ಲಿ ಕೇಳಿ

• ಡ್ರೈ ರನ್, ಓವರ್‌ಲೋಡ್, ಸಿಂಗಲ್ ಫೇಸ್, ಹೈ-ಲೋ ವೋಲ್ಟೇಜ್ ರಕ್ಷಣೆ ಇದೆಯಾ? ಸಿಗ್ನಲ್ ಇಲ್ಲದಾಗಲೂ ಇವು ಕೆಲಸ ಮಾಡ್ತವಾ?
• ಡಬ್ಬಿಯ ಮೇಲೆ 'ಲೋಕಲ್–ಆಫ್–ರಿಮೋಟ್' ಅಂತ ತಿರುಗಿಸುವ ಸ್ವಿಚ್ ಇದೆಯಾ?
• ಕರೆಂಟ್ ಅಳೆದು ಮೆಸೇಜ್ ಕಳಿಸುತ್ತಾ, ಸುಮ್ಮನೆ ಕಳಿಸುತ್ತಾ?
• ಇಷ್ಟು ಹೊತ್ತಾದ ಮೇಲೆ ತಾನೇ ಆಫ್ ಆಗುವ ಟೈಮರ್ ಇದೆಯಾ?
• ತಡವಾಗಿ ಬಂದ ಹಳೇ ಎಸ್‌ಎಂಎಸ್ ಅನ್ನು ತಿರಸ್ಕರಿಸುತ್ತಾ?
• ನೋಂದಾಯಿಸಿದ ನಂಬರ್‌ಗೆ ಮಾತ್ರ ಸ್ಪಂದಿಸುತ್ತಾ? ಪಾಸ್‌ವರ್ಡ್ ಬದಲಾಯಿಸಬಹುದಾ?

ಅಂಗಡಿಯವರಿಗೆ ಗೊತ್ತಿಲ್ಲ ಅಂದ್ರೆ ಮ್ಯಾನುಯಲ್ ತೆಗೆಸಿ ನೋಡಿ. ಬೆಲೆ ಕಮ್ಮಿ ಅಂತ ಉತ್ತರ ಇಲ್ಲದ ಡಬ್ಬಿ ತರಬೇಡಿ.

ಕೂರಿಸಿದ ದಿನ ಐದು ಪರೀಕ್ಷೆ

ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳು ಯಂತ್ರ 'ಓಡಿತು' ಅಂತ ತೋರಿಸಿದರೆ ಸಾಲಲ್ಲ, ಏನಾದ್ರೂ ತಪ್ಪಾದಾಗ ಅದು ಏನು ಮಾಡುತ್ತೆ ಅಂತಾನೂ ತೋರಿಸಬೇಕು. ನೀವೂ ಡಬ್ಬಿ ಕೂರಿಸಿದ ಎಲೆಕ್ಟ್ರಿಷಿಯನ್ ಇರುವಾಗಲೇ ಈ ಪರೀಕ್ಷೆ ಮಾಡಿಸಿ. ಒಬ್ಬರು ಬೋರ್ ಹತ್ತಿರ, ಒಬ್ಬರು ಮೊಬೈಲ್ ಜೊತೆ ದೂರದಲ್ಲಿ. ವೈರ್ ಮುಟ್ಟುವ ಕೆಲಸ ಎಲೆಕ್ಟ್ರಿಷಿಯನ್‌ದೇ.

1. ಸ್ವಿಚ್ ಪರೀಕ್ಷೆ: ಸ್ವಿಚ್ ಅನ್ನು 'ಆಫ್'ಗೆ ತಿರುಗಿಸಿ, ಮೊಬೈಲ್‌ನಿಂದ ಆನ್ ಕೊಡಿ. ಮೋಟಾರ್ ಹೊರಡಬಾರದು. ಸ್ವಿಚ್ ಅನ್ನು ಮತ್ತೆ 'ರಿಮೋಟ್'ಗೆ ತಿರುಗಿಸಿದಾಗ ಆ ಹಳೇ ಆಜ್ಞೆ ನೆನಪಿಟ್ಟುಕೊಂಡು ತಾನಾಗಿಯೂ ಹೊರಡಬಾರದು.

2. ಕರೆಂಟ್ ಪರೀಕ್ಷೆ: ಮೋಟಾರ್ ಓಡ್ತಿರುವಾಗ ಮೇನ್ ತೆಗೆದು, ಐದು ನಿಮಿಷ ಬಿಟ್ಟು ಹಾಕಿ. ಆಟೋ ಮೋಡ್ ಹಾಕದಿದ್ದರೆ ಮೋಟಾರ್ ತಾನಾಗಿ ಹೊರಡಬಾರದು.

3. ಸಿಗ್ನಲ್ ಪರೀಕ್ಷೆ: ಟೈಮರ್ ಹತ್ತು ನಿಮಿಷಕ್ಕೆ ಇಟ್ಟು ಆನ್ ಮಾಡಿ, ಮೊಬೈಲ್ ಫ್ಲೈಟ್ ಮೋಡ್‌ಗೆ ಹಾಕಿ. ಹತ್ತು ನಿಮಿಷಕ್ಕೆ ಮೋಟಾರ್ ನಿಲ್ಲಬೇಕು.

4. ಸುಳ್ಳು ಪರೀಕ್ಷೆ: ಮೋಟಾರ್‌ಗೆ ಹೋಗುವ ಲೈನ್‌ನ ಎಂಸಿಬಿಯನ್ನು ಎಲೆಕ್ಟ್ರಿಷಿಯನ್ ಇಳಿಸಲಿ. ಈಗ ಆನ್ ಕೊಟ್ಟರೆ ಡಬ್ಬಿ 'ಮೋಟಾರ್ ಓಡ್ತಿಲ್ಲ' ಅನ್ನಬೇಕು. 'ಆನ್ ಆಯ್ತು' ಅಂದ್ರೆ ಇನ್ನು ಮುಂದೆ ಅದರ ಮೆಸೇಜ್ ನಂಬಬೇಡಿ.

5. ಅಪರಿಚಿತರ ಪರೀಕ್ಷೆ: ಬೇರೆ ನಂಬರ್‌ನಿಂದ ಕಾಲ್ ಮಾಡಿ. ಏನೂ ಆಗಬಾರದು.

ತಾರೀಕು ಹಾಕಿ ಫಲಿತಾಂಶ ಬರೆದಿಡಿ, ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಡಬ್ಬಿ ರಿಪೇರಿ ಆದ ಮೇಲೆ, ಸಿಮ್ ಅಥವಾ ಆ್ಯಪ್ ಬದಲಾದ ಮೇಲೆ ಮತ್ತೆ ಮಾಡಿ. ಒಂದು ಸಣ್ಣ ಬದಲಾವಣೆ ಕೂಡ ಹಳೇ ರಕ್ಷಣೆಯನ್ನು ಕೆಡಿಸಬಹುದು.

ಆಟೋ ಮೋಡ್: ಇಲ್ಲಿ ಜಾಸ್ತಿ ಎಚ್ಚರ

ಕರೆಂಟ್ ಬಂದ ತಕ್ಷಣ ತಾನೇ ಹೊರಡುವ ಆಟೋ ಮೋಡ್ ನಮ್ಮಲ್ಲಿ ತುಂಬಾ ಬಳಕೆಯಲ್ಲಿದೆ. ಇಲ್ಲಿ ಆಜ್ಞೆ ಕೊಡುವವರು ಯಾರೂ ಇಲ್ಲ, ಲೈನ್‌ಗೆ ಕರೆಂಟ್ ಬರೋದೇ ಆಜ್ಞೆ. ಕರೆಂಟ್ ಇಲ್ಲದ ಹೊತ್ತು ನೋಡಿಯೇ ಅಲ್ವಾ ನಾವು ರಿಪೇರಿಗೆ ಇಳಿಯೋದು? 'ಕರೆಂಟ್ ಹೋಗಿದೆ' ಅನ್ನೋದು 'ಕರೆಂಟ್ ತೆಗೆದಿದೆ' ಅಂತ ಅಲ್ಲ. ಹಾಗೇ, 'ಮೊಬೈಲ್‌ನಲ್ಲಿ ಆಫ್ ಮಾಡಿದ್ದೀನಿ' ಅನ್ನೋದೂ ಕರೆಂಟ್ ತೆಗೆದಂತೆ ಅಲ್ಲ.

ಮೋಟಾರ್ ಎತ್ತುವಾಗ, ಕೇಬಲ್ ಮುಟ್ಟುವಾಗ, ಬಾವಿಗೆ ಇಳಿಯುವಾಗ ಕ್ರಮ ಇದು:

• ಸ್ವಿಚ್ 'ಆಫ್'ಗೆ ತಿರುಗಿಸಿ, ಮೇನ್ ಇಳಿಸಿ.
• ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಲ್ಲಿ ಇಟ್ಕೊಳ್ಳಿ, ಅಥವಾ ಮೇನ್ ಡಬ್ಬಿಗೆ ಬೀಗ ಹಾಕಿ. ಕೀಲಿ ಕೆಲಸ ಮಾಡುವವರ ಹತ್ತಿರವೇ ಇರಲಿ.
• 'ಕೆಲಸ ನಡೀತಿದೆ' ಅಂತ ಬೋರ್ಡ್ ತೂಗುಹಾಕಿ. ಮೊಬೈಲ್ ಕಂಟ್ರೋಲ್ ಇರುವ ಮನೆಯವರಿಗೆಲ್ಲಾ ಫೋನ್ ಮಾಡಿ ಹೇಳಿ.
• ಕರೆಂಟ್ ಇಲ್ಲ ಅಂತ ಎಲೆಕ್ಟ್ರಿಷಿಯನ್ ಟೆಸ್ಟರ್ ಹಾಕಿ ಖಚಿತ ಮಾಡಿದ ಮೇಲೆ ಕೈ ಹಾಕಿ.
• ಟಿಸಿ ಹತ್ತಿರದ ಕೆಲಸಕ್ಕೆ ನೀವು ಹೋಗಲೇಬೇಡಿ, ಲೈನ್‌ಮನ್ ಕರೆಸಿ.

ಹಿರಿಯರು ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಂಡು ಬಾವಿಗೆ ಇಳೀತಿದ್ದರಲ್ಲ, ಎಂಜಿನಿಯರಿಂಗ್ ಲ್ಯಾಬ್‌ನಲ್ಲಿ ಕಲಿಸುವ ಬೀಗದ ಪದ್ಧತಿಯೂ ಅದೇ. ಮೊಬೈಲ್ ಬಂತು ಅಂತ ಆ ಅಭ್ಯಾಸ ಬಿಡಬೇಡಿ.

ಓದುವ ಮಕ್ಕಳಿದ್ದರೆ ಹೊಲಕ್ಕೆ ಕರೆಯಿರಿ

ನಿಮ್ಮ ಮನೆಯಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್, ಕೃಷಿ ಎಂಜಿನಿಯರಿಂಗ್ ಓದುವ ತಮ್ಮ ತಂಗಿ ಇದ್ದಾರಾ? ಕೊನೇ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿದ್ದಾರಾ? ನಿಮ್ಮ ಪಂಪನ್ನೇ ವಿಷಯ ಮಾಡಿ. ಆದರೆ ಶುರು 415 ವೋಲ್ಟ್ ಲೈನ್‌ನಲ್ಲಿ ಬೇಡ. 12 ವೋಲ್ಟ್ ಬ್ಯಾಟರಿ, ಚಿಕ್ಕ ಪಂಪ್, ಎರಡು ಬಕೆಟ್, ಒಂದು ಫ್ಲೋಟ್ ಸ್ವಿಚ್, ಒಂದು ಆರ್ಡುಯಿನೊ ಬೋರ್ಡ್ ಇದ್ದರೆ ಅಂಗಳದಲ್ಲೇ ಲ್ಯಾಬ್. ಸೆನ್ಸರ್ ವೈರ್ ಕಿತ್ತರೆ ಪಂಪ್ ನಿಲ್ಲುತ್ತಾ? ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ಬೋರ್ಡ್ ತಾನೇ ಮರುಚಾಲನೆ ಆಗುತ್ತಾ? ಮರುಚಾಲನೆ ಆದಾಗ ಪಂಪ್ ಆಫ್‌ನಲ್ಲೇ ಇರುತ್ತಾ? ಇದನ್ನೆಲ್ಲಾ ಬಕೆಟ್‌ನಲ್ಲಿ ನೋಡಿ, ತಿದ್ದಿ, ಆಮೇಲೆ ಎಲೆಕ್ಟ್ರಿಷಿಯನ್ ಮತ್ತು ಕಾಲೇಜಿನ ಮೇಷ್ಟ್ರ ಜೊತೆ ಹೊಲಕ್ಕೆ ಬನ್ನಿ.

ಬರ್ಕ್ಲಿಯ ಲೀ ಮತ್ತು ಶೇಷಿಯಾ ಅವರ ಪಠ್ಯಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತೆ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುವ ಕಾರ್ಯಕ್ರಮ ನಡೆಸುತ್ತೆ. ಅರ್ಜಿ ಕಾಲೇಜಿನ ಮೂಲಕ ಹೋಗಬೇಕು, ಈ ವರ್ಷದ ದಿನಾಂಕವನ್ನು ಕಾಲೇಜಿನಲ್ಲೇ ವಿಚಾರಿಸಿ.

ರೈತನಾಗಿ ನೀವು ಆ ವಿದ್ಯಾರ್ಥಿಗೆ ಕೊಡಬಹುದಾದ್ದು ಲ್ಯಾಬ್‌ನಲ್ಲಿ ಸಿಗೋದಿಲ್ಲ. ಸ್ಟಾರ್ಟರ್ ಡಬ್ಬಿಯೊಳಗೆ ಹಲ್ಲಿ ಸೇರುತ್ತೆ, ಇರುವೆ ಗೂಡು ಕಟ್ಟುತ್ತೆ, ಮಳೆಗಾಲದಲ್ಲಿ ಸಿಗ್ನಲ್ ಹೋಗುತ್ತೆ, ಮನೆಯ ಚಿಕ್ಕ ಮಗು ಮೊಬೈಲ್‌ನಲ್ಲಿ ಆಡ್ತಾ ಆನ್ ಬಟನ್ ಒತ್ತುತ್ತೆ. ಇವೆಲ್ಲಾ ಗೊತ್ತಿರೋದು ನಿಮಗೆ. ಪಟ್ಟಿ ಮಾಡಿ ಕೊಡಿ.

ಇವತ್ತು ಸಂಜೆ ಒಂದೇ ಕೆಲಸ ಮಾಡಿ. ನಿಮ್ಮ ಸ್ಟಾರ್ಟರ್ ಡಬ್ಬಿ ಹತ್ತಿರ ಹೋಗಿ, ಮೊಬೈಲ್‌ನಿಂದ ಬರುವ ಆಜ್ಞೆಯನ್ನು ಅಲ್ಲೇ ನಿಂತು ತಡೆಯುವ ಸ್ವಿಚ್ ಇದೆಯಾ ನೋಡಿ. ಇದ್ದರೆ ಮನೆಯವರಿಗೆಲ್ಲಾ ತೋರಿಸಿ, ಕೂಲಿ ಕೆಲಸಕ್ಕೆ ಬರುವವರಿಗೂ ತೋರಿಸಿ. ಇಲ್ಲದಿದ್ದರೆ ನಾಳೆಯೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.